ಸ್ಪೋರ್ಟ್ಸ್ ಬೈಕಿಗೆ ರೋಡ್ ಟಯರೋ, ಟ್ರ್ಯಾಕ್ ಟಯರೋ? ಕರಾವಳಿಯ ಸವಾರರಿಗೆ ಹಂತ ಹಂತದ ಮಾರ್ಗದರ್ಶಿ

ಜೂನ್ ಬಂತೆಂದರೆ ನನಗೆ ಒಂದೇ ಥರದ ಫೋನ್. "ಅಣ್ಣ, ಏಪ್ರಿಲ್‌ನಲ್ಲಿ ಅಷ್ಟು ದುಡ್ಡು ಕೊಟ್ಟು ಸಾಫ್ಟ್ ಟಯರ್ ಹಾಕಿಸಿದ್ದೆ. ಈಗ ಮಳೆಗೆ ಹಿಂದಿನ ಚಕ್ರ ಜಾರ್ತಾ ಇದೆ. ಟಯರ್ ಡುಪ್ಲಿಕೇಟಾ?"

ಡುಪ್ಲಿಕೇಟ್ ಅಲ್ಲ. ಟಯರ್ ಒಳ್ಳೆಯದೇ. ಅದನ್ನು ಯಾವ ಕೆಲಸಕ್ಕೆಂದು ಮಾಡಿದ್ದಾರೋ ಅದು ಬೇರೆ, ನೀವು ಹೇಳುತ್ತಿರುವ ಕೆಲಸ ಬೇರೆ, ಅಷ್ಟೇ. ಈ ತಪ್ಪಿನ ಮೂಲ ಆಯ್ಕೆಯ ಕ್ರಮದಲ್ಲಿದೆ. ಎಲ್ಲರೂ ಬ್ರ್ಯಾಂಡಿನಿಂದ ಶುರು ಮಾಡುತ್ತಾರೆ. ಬ್ರ್ಯಾಂಡ್ ಕೊನೆಗೆ ಬರಬೇಕು. ಮೊದಲು ನಿಮ್ಮ ಓಡಾಟ, ಆಮೇಲೆ ಮಳೆ, ಆಮೇಲೆ ಸೈಜು. ಇದೇ ಕ್ರಮದಲ್ಲಿ ಹೋಗೋಣ. ಒಂದು ಹಂತ ಬಿಟ್ಟರೂ ಮುಂದಿನದು ತಪ್ಪುತ್ತದೆ.

ಮೊದಲು ಕೈಯಲ್ಲಿ ಇರಬೇಕಾದವು

ಗಾಳಿ ಅಳೆಯುವ ಒಂದು ಒಳ್ಳೆಯ ಡಿಜಿಟಲ್ ಗೇಜ್. ಟ್ರೆಡ್, ಅಂದರೆ ಟಯರ್ ರಸ್ತೆಗೆ ತಾಗುವ ಭಾಗದ ಗೀರುಗಳ, ಆಳ ನೋಡುವ ಸಣ್ಣ ಗೇಜ್. ಬೈಕಿನ ಓನರ್ಸ್ ಮ್ಯಾನ್ಯುಯಲ್. ಒಂದು ಟಾರ್ಚ್, ಒಂದು ನೋಟ್‌ಬುಕ್. ಇಷ್ಟು ಎಲ್ಲರಿಗೂ ಬೇಕು.

ಚಕ್ರ ನೀವೇ ಬಿಚ್ಚುವುದಾದರೆ ಚಕ್ರ ಎತ್ತಿ ನಿಲ್ಲಿಸುವ ಪ್ಯಾಡಕ್ ಸ್ಟ್ಯಾಂಡ್ ಮತ್ತು ನಟ್ಟಿನ ಬಿಗಿ ಅಳೆಯುವ ಟಾರ್ಕ್ ರೆಂಚ್ ಸೇರಿಸಿ. ಟ್ರ್ಯಾಕಿಗೆ, ಅಂದರೆ ರೇಸ್ ಸರ್ಕ್ಯೂಟಿಗೆ, ಹೋಗುವವರಿಗೆ ಮಾತ್ರ ಟಯರನ್ನು ಸುತ್ತಿ ಬಿಸಿ ಮಾಡುವ ಟಯರ್ ವಾರ್ಮರ್, ಟಯರ್‌ನ ಬಿಸಿ ನೋಡುವ ಥರ್ಮಾಮೀಟರ್. ಪೆಟ್ರೋಲ್ ಬಂಕಿನ ಗಾಳಿ ಯಂತ್ರದ ಮುಳ್ಳನ್ನು ನಂಬಿ ಕೂರಬೇಡಿ. ಒಂದೇ ಟಯರ್‌ಗೆ ಎರಡು ಬಂಕಿನಲ್ಲಿ ಎರಡು ಲೆಕ್ಕ ಬಂದಿದ್ದನ್ನು ನಾನೇ ನೋಡಿದ್ದೇನೆ.

ಹಂತ 1: ಎರಡು ವಾರದ ಓಡಾಟ ಬರೆದಿಡಿ

ಟಯರ್ ಅಂಗಡಿಗೆ ಹೋಗುವ ಮೊದಲು ಮಾಡುವ ಕೆಲಸ ಇದು. ಯಾರೂ ಮಾಡುವುದಿಲ್ಲ. ದಿನಾ ಎಲ್ಲಿಂದ ಎಲ್ಲಿಗೆ, ಎಷ್ಟು ಕಿ.ಮೀ., ಒಣ ರಸ್ತೆಯೋ ಒದ್ದೆಯೋ, ಹಿಂದೆ ಯಾರಾದರೂ ಕೂತಿದ್ದರೋ ಎಂದು ಬರೆಯಿರಿ. ಎರಡು ವಾರ ಸಾಕು.

ಮಣಿಪಾಲದ ಹುಡುಗನೊಬ್ಬ "ನಾನು ವಾರಕ್ಕೊಮ್ಮೆ ಆಗುಂಬೆ ಹತ್ತುತ್ತೇನೆ, ನನಗೆ ಟ್ರ್ಯಾಕ್ ಟಯರೇ ಬೇಕು" ಎಂದಿದ್ದ. ಬರೆದು ನೋಡಿದಾಗ ಎರಡು ವಾರದಲ್ಲಿ ಆಗುಂಬೆ ಒಂದೇ ಸಲ. ಉಳಿದದ್ದೆಲ್ಲ ಟೈಗರ್ ಸರ್ಕಲ್, ಎಂಡ್ ಪಾಯಿಂಟ್, ಉಡುಪಿ ಬಸ್ ಸ್ಟ್ಯಾಂಡ್. ಅಂದರೆ ಹತ್ತು ನಿಮಿಷದ ಓಡಾಟ, ಟಯರ್ ಬಿಸಿಯಾಗುವ ಮೊದಲೇ ಗಾಡಿ ಸ್ಟ್ಯಾಂಡ್ ಹಾಕಿಯಾಗಿರುತ್ತದೆ. ಟಯರ್ ಆರಿಸಬೇಕಾದದ್ದು ಆ ಹತ್ತು ನಿಮಿಷಕ್ಕೆ. ಭಾನುವಾರದ ಆ ಒಂದು ಸವಾರಿಗೆ ಅಲ್ಲ.

ಹಂತ 2: ಹಳೆಯ ಟಯರ್ ಏನು ಹೇಳುತ್ತದೆ ನೋಡಿ

ಹಿಂದಿನ ಚಕ್ರದ ಪಕ್ಕ ಕೂತು ಟಾರ್ಚ್ ಬಿಟ್ಟು ನೋಡಿ. ನಡುಭಾಗ ಚಪ್ಪಟೆಯಾಗಿ, ಅಂಚು ಹೊಸದರಂತೆ ಉಳಿದಿದೆಯಾ? ಹಾಗಿದ್ದರೆ ನೀವು ಹೈವೇ ಸವಾರರು. ನಿಮಗೆ ನಡುವೆ ಗಟ್ಟಿ, ಪಕ್ಕದಲ್ಲಿ ಮೆತ್ತಗಿನ ರಬ್ಬರ್ ಇರುವ ಡ್ಯುಯಲ್ ಕಾಂಪೌಂಡ್ ಟಯರ್ ಬೇಕು. ಸವೆತ ಅಂಚಿನ ತನಕ ಸಮನಾಗಿ ಹರಡಿದ್ದರೆ ನೀವು ನಿಜಕ್ಕೂ ಬೈಕನ್ನು ವಾಲಿಸುತ್ತಿದ್ದೀರಿ.

ಅಂಚಿನಲ್ಲಿ ತಾಗದೆ ಉಳಿದ ಪಟ್ಟಿಯನ್ನು ಹುಡುಗರು ಚಿಕನ್ ಸ್ಟ್ರಿಪ್ ಎಂದು ಗೇಲಿ ಮಾಡುತ್ತಾರೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಎದುರಿನಿಂದ ಬಸ್ ಬರುವ ರಸ್ತೆಯಲ್ಲಿ ಆ ಪಟ್ಟಿ ಉಳಿಯಲೇಬೇಕು.

ಹಂತ 3: ಟಯರ್‌ಗಳ ಜಾತಿ ಗುರುತಿಸಿ

ರೋಡ್, ಟ್ರ್ಯಾಕ್ ಎಂದು ಎರಡೇ ಅಲ್ಲ. ಮೆಟ್ಟಿಲುಗಳಿವೆ.

ಕೆಳಗಿನ ಮೆಟ್ಟಿಲು ಸ್ಪೋರ್ಟ್ ಟೂರಿಂಗ್. ಮಿಶೆಲಿನ್ ರೋಡ್ 5, ರೋಡ್ 6, ಪಿರೆಲಿ ಏಂಜೆಲ್ ಸರಣಿ ಈ ಸಾಲಿನವು. ಗ್ರೂವ್‌ಗಳು, ಅಂದರೆ ನೀರು ಹೊರಹೋಗುವ ಗೀರುಗಳು, ಜಾಸ್ತಿ. ರಬ್ಬರ್‌ನಲ್ಲಿ ಸಿಲಿಕಾ ಜಾಸ್ತಿ, ಅದರಿಂದ ತಣ್ಣಗಿದ್ದಾಗಲೂ ಒದ್ದೆಯಲ್ಲೂ ಬೇಗ ಹಿಡಿತ ಸಿಗುತ್ತದೆ. ಹೆಸರಿನಲ್ಲಿ ಟೂರಿಂಗ್ ಇದೆ ಎಂದು ಮೂಗು ಮುರಿಯಬೇಡಿ. ಟಿವಿಎಸ್ ಅಪಾಚೆ ಆರ್‌ಆರ್ 310 ಕಂಪನಿಯಿಂದಲೇ ರೋಡ್ 5 ಹಾಕಿಕೊಂಡು ಬಂದ ಬೈಕು. ಅದನ್ನು ಯಾರೂ ಸಪ್ಪೆ ಬೈಕು ಅನ್ನುವುದಿಲ್ಲ ಅಲ್ವಾ?

ಅದರ ಮೇಲೆ ಸ್ಪೋರ್ಟ್ ರೋಡ್. ಪಿರೆಲಿ ಡಯಾಬ್ಲೊ ರೊಸ್ಸೊ, ಮೆಟ್ಜೆಲರ್ ಎಂ7, ಎಂ9, ಅಪೋಲೊ ಆಲ್ಫಾ ಎಚ್1 ಇಂಥವು. ನಡುವೆ ಗ್ರೂವ್ ಇದೆ, ಅಂಚಿಗೆ ಬಂದಂತೆ ಕಡಿಮೆಯಾಗುತ್ತದೆ. ಒಣ ಘಾಟಿಯಲ್ಲಿ ಇವು ಕೊಡುವ ಧೈರ್ಯವೇ ಬೇರೆ. ಮಳೆಯಲ್ಲೂ ಕೈಬಿಡುವುದಿಲ್ಲ, ಟ್ರೆಡ್ ಉಳಿದಿರಬೇಕು ಅಷ್ಟೇ.

ಮೂರನೆಯದು ರೋಡಿಗೆ ಅನುಮತಿ ಇರುವ, ಆದರೆ ಟ್ರ್ಯಾಕಿಗೆಂದೇ ಮಾಡಿದ ಟಯರ್. ಪಿರೆಲಿ ಸೂಪರ್‌ಕೊರ್ಸಾ ಎಸ್‌ಪಿ, ಮಿಶೆಲಿನ್ ಪವರ್ ಕಪ್ ಥರದವು. ನಮ್ಮವರು ಹೆಚ್ಚು ಮೋಸಹೋಗುವುದು ಇಲ್ಲೇ. ನಡುವೆ ನಾಲ್ಕು ಗ್ರೂವ್ ಕಂಡ ಕೂಡಲೇ "ಇದು ರೋಡ್ ಟಯರೇ" ಎಂದುಕೊಳ್ಳುತ್ತಾರೆ. ಅಂಚನ್ನು ನೋಡಿ. ಅದು ಬೋಳು. ಒದ್ದೆ ರಸ್ತೆಯಲ್ಲಿ ವಾಲಿಸಿದ ಕ್ಷಣ ನೀವು ಆ ಬೋಳು ಅಂಚಿನ ಮೇಲೆ ಕೂತಿರುತ್ತೀರಿ. ಇನ್ನೊಂದು ವಿಷಯ, ಈ ರಬ್ಬರ್ ಬಿಸಿಯಾದರೆ ಮಾತ್ರ ಕೆಲಸ ಮಾಡುತ್ತದೆ. ಮಂಗಳೂರಿನ ಪಂಪ್‌ವೆಲ್‌ನಿಂದ ಹಂಪನಕಟ್ಟೆಗೆ ಟ್ರಾಫಿಕ್‌ನಲ್ಲಿ ಹೋಗುವಾಗ ಅದು ಬಿಸಿಯಾಗುವುದೇ ಇಲ್ಲ.

ಕೊನೆಯದು ಸ್ಲಿಕ್. ಗ್ರೂವ್ ಇಲ್ಲವೇ ಇಲ್ಲ. ವಾರ್ಮರ್ ಸುತ್ತಿ 80ರಿಂದ 100 ಡಿಗ್ರಿಗೆ ಬಿಸಿ ಮಾಡಿ ಓಡಿಸುವ ವಸ್ತು. "ಹೈವೇ ಬಳಕೆಗೆ ಅಲ್ಲ" ಎಂಬ ಅರ್ಥದ ಬರಹ ಸೈಡ್‌ವಾಲ್ ಮೇಲೇ, ಅಂದರೆ ಟಯರ್‌ನ ಪಕ್ಕದ ಗೋಡೆಯ ಮೇಲೇ, ಇರುತ್ತದೆ. ರೇಸಿನವರು ಬಳಸಿ ಬಿಟ್ಟ ಸ್ಲಿಕ್ ಕಡಿಮೆ ರೇಟಿಗೆ ಸಿಗುತ್ತದೆ ಎಂದು ರೋಡಿಗೆ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಆ ರಬ್ಬರ್ ಹಲವು ಸಲ ಕಾದು ತಣಿದು ಗಟ್ಟಿಯಾಗಿರುತ್ತದೆ. ಕಣ್ಣಿಗೆ ದಪ್ಪ ಕಂಡರೂ ಒಳಗಿನ ಹಿಡಿತ ಹೋಗಿರುತ್ತದೆ. ಮೇಲೆ ಒಂದು ಮಳೆ ಬಂದರೆ ನೀರು ಹೊರಹೋಗಲು ದಾರಿಯೇ ಇಲ್ಲ.

ಹಂತ 4: ನಮ್ಮ ಮಳೆಯನ್ನು ಲೆಕ್ಕಕ್ಕೆ ತನ್ನಿ

ಎಲ್ಲೋ ಒಣ ಊರಿನವರು ಮಾಡಿದ ಟಯರ್ ವಿಡಿಯೋ ನೋಡಿ ಖರೀದಿ ಮಾಡಬೇಡಿ. ನಮ್ಮಲ್ಲಿ ವರ್ಷಕ್ಕೆ 3500 ಮಿ.ಮೀ.ಗಿಂತ ಜಾಸ್ತಿ ಮಳೆ. ಜೂನ್‌ನಿಂದ ಸೆಪ್ಟೆಂಬರ್ ಅಂದರೆ ವರ್ಷದ ಮೂರರಲ್ಲಿ ಒಂದು ಪಾಲು.

ಬರೀ ನೀರಾದರೆ ಪರವಾಗಿಲ್ಲ. ನೀರಿನ ಜತೆ ಬರುವುದು ಏನೇನು ನೋಡಿ. ಮೇ ಕೊನೆಯ ಮೊದಲ ಮಳೆಗೆ ರಸ್ತೆಯ ಎಣ್ಣೆಯೆಲ್ಲ ಮೇಲೆ ತೇಲುತ್ತದೆ. ಗುಡ್ಡೆ ಕಡಿದ ಕಡೆ ಕೆಂಪು ಮಣ್ಣು ಹರಿದು ರಸ್ತೆಗೆ ಬಂದು ಕೂರುತ್ತದೆ. ಒಳರಸ್ತೆಯ ಕಾಂಕ್ರೀಟಿನ ಅಂಚಿಗೆ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಪಾಚಿ ಹಿಡಿಯುತ್ತದೆ. ಸೇತುವೆಗಳ ಕಬ್ಬಿಣದ ಜಾಯಿಂಟ್, ಇಂಟರ್‌ಲಾಕ್ ಹಾಕಿದ ಅಂಗಳ, ಝೀಬ್ರಾ ಕ್ರಾಸಿಂಗಿನ ಬಣ್ಣ. ಇದೆಲ್ಲದರ ಮೇಲೆ ಮೀನಿನ ನೀರು.

ಈ ಮೀನಿನ ನೀರಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಎರಡು ಮಳೆಗಾಲದ ಹಿಂದೆ ಬೆಳಿಗ್ಗೆ ಬೇಗ ಉಡುಪಿಯಿಂದ ಮಂಗಳೂರಿಗೆ ಬರುತ್ತಿದ್ದೆ. ಪಡುಬಿದ್ರಿ ದಾಟಿದ್ದೆ. ಮುಂದೆ ಮೀನಿನ ಲಾರಿ. ಮಳೆ ನಿಂತಿತ್ತು, ರಸ್ತೆ ಅರ್ಧ ಒಣಗಿತ್ತು. ಲಾರಿಯ ಹಿಂದಿನ ಮೂಲೆಯಿಂದ ನೀರು ಸಣ್ಣ ಗೆರೆಯಾಗಿ ಸುರಿಯುತ್ತಿತ್ತು. ಓವರ್‌ಟೇಕ್ ಮಾಡಲು ಲೇನ್ ಬದಲಿಸಿದೆ. ಆ ಗೆರೆ ದಾಟುವಾಗ ಹಿಂದಿನ ಚಕ್ರ ಒಂದು ಗೇಣು ಪಕ್ಕಕ್ಕೆ ಹೋಯಿತು. ಬೀಳಲಿಲ್ಲ. ಬದಿಗೆ ನಿಲ್ಲಿಸಿ ಟಯರ್ ಮುಟ್ಟಿದೆ. ಕಲ್ಲಿನ ಹಾಗೆ ತಣ್ಣಗಿತ್ತು. ಅಂಚಿನ ಬೋಳು ರಬ್ಬರ್ ಮೇಲೆ ತೆಳ್ಳಗೆ ಜಿಡ್ಡು, ಅದರಲ್ಲಿ ಎರಡು ಮೀನಿನ ಹುರುಪೆ ಅಂಟಿಕೊಂಡು ಹೊಳೆಯುತ್ತಿತ್ತು. ಆಗ ನನ್ನ ಬೈಕಿನಲ್ಲಿ ಇದ್ದದ್ದು ಮೂರನೆಯ ಮೆಟ್ಟಿಲಿನ ಟಯರ್. ಮರುವಾರವೇ ಬದಲಿಸಿದೆ.

ಅದಕ್ಕೇ ಹೇಳುವುದು, ದಿನಾ ಓಡಿಸುವ ಬೈಕಿಗೆ ಮಳೆಗಾಲದಲ್ಲಿ ಮೊದಲ ಎರಡು ಮೆಟ್ಟಿಲು ಬಿಟ್ಟು ಮೇಲೆ ಹೋಗಬೇಡಿ. ಬದಲಿಸುವ ಹೊತ್ತು ಮೇ ಕೊನೆಗೆ ಬರುವ ಪತ್ತನಾಜೆಗೆ ಮೊದಲು. ಮಳೆ ಶುರುವಾದ ಮೇಲೆ ಹೊಸ ಟಯರ್ ಹಾಕಿದರೆ ಅದನ್ನು ಪಳಗಿಸಲು ಒಣ ರಸ್ತೆ ಸಿಗುವುದಿಲ್ಲ.

ಟ್ರೆಡ್ ಆಳದ ಲೆಕ್ಕವೂ ಇಲ್ಲೇ ನೋಡಿಬಿಡಿ. ಗ್ರೂವ್ ಒಳಗಿನ ಸಣ್ಣ ದಿಣ್ಣೆ, ಅಂದರೆ ಟಿಡಬ್ಲ್ಯುಐ ಗುರುತು, ಬೈಕಿನ ಟಯರ್‌ನಲ್ಲಿ ಸಾಮಾನ್ಯವಾಗಿ 0.8 ಮಿ.ಮೀ.ಗೆ ಇರುತ್ತದೆ. ಅಲ್ಲಿಯ ತನಕ ಕಾಯುವುದು ಒಣ ಊರಿನವರ ಲೆಕ್ಕ. ಕರಾವಳಿಯಲ್ಲಿ 2 ಮಿ.ಮೀ. ಉಳಿದಾಗಲೇ ಮಳೆಗಾಲಕ್ಕೆ ಅದು ಮುಗಿಯಿತು ಎಂದುಕೊಳ್ಳಿ.

ಹಂತ 5: ಸೈಡ್‌ವಾಲ್ ಅಂಕಿ ಓದಿ, ಸೈಜು ಬದಲಿಸಬೇಡಿ

ಕೆಟಿಎಂ ಆರ್‌ಸಿ 390ಕ್ಕೆ ಮುಂದೆ 110/70, ಹಿಂದೆ 150/60, ಎರಡೂ 17 ಇಂಚು. ಯಮಹಾ ಆರ್15 ವಿ4ಕ್ಕೆ ಮುಂದೆ 100/80, ಹಿಂದೆ 140/70. ಮೊದಲ ಅಂಕಿ ಅಗಲ, ಮಿ.ಮೀ.ನಲ್ಲಿ. ಎರಡನೆಯದು ಅಗಲದ ಶೇಕಡಾ ಎಷ್ಟು ಎತ್ತರ ಎಂಬುದು. ಆರ್ ಇದ್ದರೆ ರೇಡಿಯಲ್.

ನಂತರ 54 ಅಥವಾ 66ರಂಥ ಅಂಕಿ ಹೊರುವ ಭಾರ. 54 ಅಂದರೆ 212 ಕೆ.ಜಿ., 66 ಅಂದರೆ 300 ಕೆ.ಜಿ. ಕೊನೆಯ ಅಕ್ಷರ ಗಂಟೆಗೆ ಗರಿಷ್ಠ ಎಷ್ಟು ವೇಗ ಎಂಬುದು. ಎಸ್ 180, ಎಚ್ 210, ವಿ 240, ಡಬ್ಲ್ಯು 270 ಕಿ.ಮೀ. ಮ್ಯಾನ್ಯುಯಲ್‌ನಲ್ಲಿ ಇರುವುದಕ್ಕಿಂತ ಭಾರದಲ್ಲಾಗಲಿ ವೇಗದಲ್ಲಾಗಲಿ ಕೆಳಗೆ ಇಳಿಯಬೇಡಿ.

ಡಾಟ್ (DOT) ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 2325 ಅಂದರೆ 2025ರ 23ನೇ ವಾರ. ಎರಡು ವರ್ಷಕ್ಕಿಂತ ಹಳೆಯದನ್ನು ಹೊಸದರ ರೇಟಿಗೆ ನಾನಂತೂ ತಗೊಳ್ಳುವುದಿಲ್ಲ.

ಎಲ್ಲರೂ ಮಾಡುವ ತಪ್ಪು, ಹಿಂದೆ ದಪ್ಪ ಕಾಣಲಿ ಎಂದು ಒಂದು ಸೈಜು ದೊಡ್ಡದು ಹಾಕಿಸುವುದು. ರಿಮ್ ಅಷ್ಟೇ ಅಗಲ ಇರುತ್ತದೆ. ದೊಡ್ಡ ಟಯರ್ ಅದರೊಳಗೆ ಹಿಸುಕಿಕೊಂಡು ನಡುವೆ ಚೂಪಾಗುತ್ತದೆ. ಬೈಕು ತಿರುವಿಗೆ ವಾಲುವ ರೀತಿಯೇ ಕೆಡುತ್ತದೆ. ಚೈನ್‌ಗೋ ಸ್ವಿಂಗ್‌ಆರ್ಮ್‌ಗೋ ಉಜ್ಜುವುದೂ ಉಂಟು. ಹಿಡಿತ ಜಾಸ್ತಿ ಆಗುವುದಿಲ್ಲ, ನೋಟ ಮಾತ್ರ.

ಮುಂದೆ ಒಂದು ಜಾತಿ, ಹಿಂದೆ ಒಂದು ಜಾತಿ ಹಾಕುವುದೂ ಬೇಡ. ಹಿಂದೆ ಟ್ರ್ಯಾಕ್ ರಬ್ಬರ್, ಮುಂದೆ ಹಳೆಯ ಟೂರಿಂಗ್ ಇದ್ದರೆ ಹಿಂದಿನದು ಹಿಡಿದುಕೊಂಡಿರುವಾಗಲೇ ಮುಂದಿನದು ಕೈಕೊಡುತ್ತದೆ. ಮುಂದಿನ ಚಕ್ರ ಜಾರಿದರೆ ಸರಿಮಾಡಿಕೊಳ್ಳಲು ಸಮಯ ಸಿಗುವುದಿಲ್ಲ.

ಹಂತ 6: ಈಗ ನಿರ್ಧಾರ

ನೋಟ್‌ಬುಕ್ ತೆಗೆಯಿರಿ. ದಿನಾ ಆಫೀಸು ಕಾಲೇಜು, ಮಳೆಯಲ್ಲೂ ಬೈಕೇ, ಆಗಾಗ ಎನ್‌ಎಚ್ 66ರಲ್ಲಿ ಕುಂದಾಪುರದ ತನಕ? ಸ್ಪೋರ್ಟ್ ಟೂರಿಂಗ್. ಎರಡನೆಯ ಮಾತಿಲ್ಲ.

ಮಳೆಗಾಲದಲ್ಲಿ ಬೈಕು ಹೆಚ್ಚು ತೆಗೆಯುವುದಿಲ್ಲ, ಒಣ ತಿಂಗಳಲ್ಲಿ ವಾರ ವಾರ ಘಾಟಿ? ಸ್ಪೋರ್ಟ್ ರೋಡ್. ಒಂದು ನೆನಪಿರಲಿ, ಆಗುಂಬೆಯ 14 ತಿರುವುಗಳಲ್ಲಿ, ಚಾರ್ಮಾಡಿಯ ಮರದ ನೆರಳಿನಲ್ಲಿ ಡಿಸೆಂಬರ್‌ನಲ್ಲೂ ಬೆಳಿಗ್ಗೆ ಒದ್ದೆ ಇರುತ್ತದೆ.

ವರ್ಷಕ್ಕೆ ಒಂದೆರಡು ಟ್ರ್ಯಾಕ್ ಡೇ, ಅಂದರೆ ನಿಮ್ಮ ಬೈಕನ್ನೇ ಸರ್ಕ್ಯೂಟಿನಲ್ಲಿ ಓಡಿಸುವ ದಿನ? ಆಗಲೂ ಸ್ಪೋರ್ಟ್ ರೋಡ್ ಟಯರೇ ಸಾಕು. ಹೊಸಬರು ಟ್ರ್ಯಾಕಿನಲ್ಲಿ ಅದರ ಮಿತಿ ಮುಟ್ಟುವುದಿಲ್ಲ. ಮಿತಿಗೆ ಹತ್ತಿರ ಬಂದಾಗಲೂ ಅದು ಮೆಲ್ಲಗೆ ಎಚ್ಚರಿಸುತ್ತದೆ, ಕಲಿಯಲು ಅದೇ ಒಳ್ಳೆಯದು.

ಟ್ರ್ಯಾಕಿಗೆ ಮತ್ತೆ ಮತ್ತೆ ಹೋಗುವವರಾದರೆ ಟಯರ್ ಬದಲಿಸುತ್ತಾ ಕೂರಬೇಡಿ. ಇನ್ನೊಂದು ಜತೆ ರಿಮ್ ತಗೊಳ್ಳಿ. ಅದಕ್ಕೆ ಡಿಸ್ಕ್, ಎಬಿಎಸ್ ರಿಂಗ್, ಹಿಂದೆ ಸ್ಪ್ರಾಕೆಟ್ ಎಲ್ಲ ಕೂರಿಸಿ ಇಟ್ಟರೆ ಅರ್ಧ ಗಂಟೆಯ ಕೆಲಸ. ಖರ್ಚು ದೊಡ್ಡದು ಅನಿಸುತ್ತದೆ. ಆದರೆ ಟ್ರ್ಯಾಕ್ ರಬ್ಬರನ್ನು ರೋಡಿನಲ್ಲಿ ಸವೆಸುವ ಖರ್ಚು ಅದಕ್ಕಿಂತ ಬೇಗ ಬೆಳೆಯುತ್ತದೆ.

ಹಂತ 7: ಅಂಗಡಿಯಲ್ಲಿ ಪಕ್ಕದಲ್ಲೇ ನಿಲ್ಲಿ

ಚಾ ಕುಡಿಯಲು ಹೋಗಬೇಡಿ. ಹಿಂದೊಮ್ಮೆ ನಾನು ಹೋಗಿದ್ದೆ. ಮನೆಗೆ ಬಂದು ಬೈಕು ತೊಳೆಯುವಾಗ ಮುಂದಿನ ಟಯರ್‌ನ ಬಾಣದ ಗುರುತು ಹಿಂದಕ್ಕೆ ತಿರುಗಿತ್ತು. ಉಲ್ಟಾ ಕೂರಿಸಿದ್ದರು. ಮತ್ತೆ ಎಲ್ಲ ಬಿಚ್ಚಬೇಕಾಯಿತು.

ನೋಡಬೇಕಾದದ್ದು ಇಷ್ಟು. ಬಾಣ ಚಕ್ರ ತಿರುಗುವ ದಿಕ್ಕಿಗೆ ಇರಬೇಕು. ಹಗುರ ಭಾಗ ತೋರಿಸುವ ಬಣ್ಣದ ಚುಕ್ಕೆ ಇದ್ದರೆ ಅದು ವಾಲ್ವ್ ಹತ್ತಿರ ಬರಬೇಕು. ಕೂರಿಸಲು ಸೋಪು ನೀರು ಸಾಕು, ಗ್ರೀಸು ಎಣ್ಣೆ ಬೇಡ. ಹೊಸ ವಾಲ್ವ್ ಹಾಕಿಸಿ. ನಮ್ಮ ಉಪ್ಪು ಗಾಳಿಗೆ ಹಳೆಯ ವಾಲ್ವ್‌ನ ಬುಡದಲ್ಲೂ ರಿಮ್ ಅಂಚಿನಲ್ಲೂ ತುಕ್ಕು, ಬಿಳಿ ಪುಡಿ ಕೂತಿರುತ್ತದೆ. ಅದನ್ನು ಉಜ್ಜಿ ತೆಗೆಯದೆ ಕೂರಿಸಿದರೆ ಗಾಳಿ ಮೆಲ್ಲಗೆ ಸೋರುತ್ತದೆ. ಬ್ಯಾಲೆನ್ಸಿಂಗ್ ಬಿಡಬೇಡಿ. ಆಕ್ಸಲ್ ನಟ್ ಮ್ಯಾನ್ಯುಯಲ್ ಹೇಳಿದ ಟಾರ್ಕ್‌ಗೆ ಬಿಗಿಯಲಿ, ಆಮೇಲೆ ಚೈನ್ ಸಡಿಲ ನೋಡಿ. ಹೊರಡುವ ಮೊದಲು ಬ್ರೇಕ್ ಲಿವರ್ ಗಟ್ಟಿಯಾಗುವ ತನಕ ಒತ್ತಿ, ಪ್ಯಾಡ್ ಹಿಂದೆ ಸರಿದಿರುತ್ತದೆ.

ಹಂತ 8: ಮೊದಲ 150 ಕಿ.ಮೀ.

ಹೊಸ ಟಯರ್‌ನ ಮೇಲ್ಮೈ ನುಣುಪು. ಮೊದಲ 150 ಕಿ.ಮೀ. ತನಕ ಜೋರು ಬ್ರೇಕು, ಜೋರು ವಾಲಿಸುವುದು ಬೇಡ. ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಜಾಸ್ತಿ ವಾಲಿಸುತ್ತಾ ಬನ್ನಿ. ಮರಳು ಕಾಗದದಿಂದ ಉಜ್ಜುವುದು, ಹೊಳಪಿಗೆ ಪಾಲಿಶ್ ಹಚ್ಚುವುದು ಎರಡೂ ತಪ್ಪು.

ಹಂತ 9: ಗಾಳಿ

ರೋಡಿನಲ್ಲಿ ಮ್ಯಾನ್ಯುಯಲ್ ಹೇಳಿದಷ್ಟೇ. ಬೆಳಿಗ್ಗೆ ಬೈಕು ತೆಗೆಯುವ ಮೊದಲು, ತಣ್ಣಗಿರುವಾಗ ನೋಡಿ. ವಾರಕ್ಕೊಮ್ಮೆ. ಮಳೆಗೆ ಹಿಡಿತ ಜಾಸ್ತಿ ಸಿಗಲಿ ಎಂದು ಗಾಳಿ ಇಳಿಸುವವರಿದ್ದಾರೆ. ಅದು ತಪ್ಪು. ಗಾಳಿ ಕಡಿಮೆಯಾದರೆ ಗ್ರೂವ್ ಮುಚ್ಚಿಕೊಳ್ಳುತ್ತದೆ, ನೀರು ಹೊರಹೋಗುವುದಿಲ್ಲ, ಟಯರ್ ನೀರಿನ ಮೇಲೆ ತೇಲುತ್ತದೆ.

ಹಂತ 10: ಟ್ರ್ಯಾಕಿಗೆ ಹೋಗುವುದಾದರೆ

ನಮಗೆ ಹತ್ತಿರದ ಟ್ರ್ಯಾಕ್‌ಗಳಲ್ಲಿ ಒಂದು ಕೊಯಮತ್ತೂರಿನ ಕಾರಿ ಮೋಟಾರ್ ಸ್ಪೀಡ್‌ವೇ. ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈಯ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಸುಮಾರು 700 ಕಿ.ಮೀ. ದೂರ. ಅಷ್ಟು ದೂರ ಟ್ರ್ಯಾಕ್ ಟಯರ್ ಮೇಲೆ ಓಡಿಸಿಕೊಂಡು ಹೋದರೆ ಅಲ್ಲಿ ಮುಟ್ಟುವಾಗ ನಡುಭಾಗ ಚಪ್ಪಟೆಯಾಗಿರುತ್ತದೆ. ರೋಡ್ ಟಯರ್ ಮೇಲೆ ಹೋಗಿ, ಇಲ್ಲವೇ ನಾಲ್ಕು ಜನ ಸೇರಿ ಬೈಕು ಸಾಗಿಸಲು ಪಿಕಪ್ ಗಾಡಿ ಬಾಡಿಗೆಗೆ ಮಾಡಿ.

ರೋಡ್ ಟಯರ್‌ನಲ್ಲೇ ಟ್ರ್ಯಾಕ್ ಓಡಿಸುವುದಾದರೆ ತಣ್ಣಗಿರುವಾಗ ಗಾಳಿಯ ಒತ್ತಡ 2–3 ಪಿಎಸ್‌ಐ ಇಳಿಸಿ ಶುರು ಮಾಡುವುದು ವಾಡಿಕೆ. ಟಯರ್ ಕಂಪನಿಯ ಪಟ್ಟಿ ಸಿಕ್ಕರೆ ಅದೇ ಕೊನೆಯ ಮಾತು. ಬಿಸಿಯಾದಂತೆ ಒತ್ತಡ ಏರುತ್ತದೆ. ಮೊದಲ ಸೆಷನ್ ಮುಗಿಸಿ ಪಿಟ್‌ಗೆ ಬಂದ ಕೂಡಲೇ ಅಳೆದು ಬರೆಯಿರಿ. ಹತ್ತು ನಿಮಿಷ ಮಾತಾಡಿ ಆಮೇಲೆ ಅಳೆದರೆ ಆ ಅಂಕಿಗೆ ಅರ್ಥವಿಲ್ಲ.

ನಂತರ ಅಂಚಿನ ರಬ್ಬರ್ ನೋಡಿ. ನುಣ್ಣನೆಯ ಮರಳು ಕಾಗದದ ಹಾಗೆ ಸಮನಾಗಿ ಒರಟಾಗಿದ್ದರೆ ಎಲ್ಲ ಸರಿ. ಆಳವಾಗಿ ಹರಿದು ಪದರ ಎದ್ದಿದ್ದರೆ ಟಯರ್ ಬಿಸಿಯಾಗದೆ ಎಳೆದಾಡಿದೆ, ಒತ್ತಡ ಜಾಸ್ತಿ ಇರಬಹುದು. ಮೇಲ್ಮೈ ಕರಗಿದಂತಾಗಿ ನೀಲಿ ಛಾಯೆ ಬಂದಿದ್ದರೆ ಅತಿ ಬಿಸಿ. ಗುಳ್ಳೆ ಎದ್ದಿದ್ದರೆ ಆ ದಿನಕ್ಕೆ ಆ ಟಯರ್ ಮುಗಿಯಿತು. ಸವೆತ ವಿಚಿತ್ರವಾಗಿದ್ದರೆ ಸಸ್ಪೆನ್ಷನ್ ಕಡೆಗೂ ಕಣ್ಣು ಹಾಯಿಸಿ, ಯಾವಾಗಲೂ ತಪ್ಪು ಗಾಳಿಯದ್ದೇ ಅಲ್ಲ.

ಕೂಡಲೇ ನಿಲ್ಲಿಸಬೇಕಾದ ಗುರುತುಗಳು

ಸೈಡ್‌ವಾಲ್‌ನಲ್ಲಿ ಗುಳ್ಳೆ ಅಥವಾ ಸೀಳು. ರಿಪೇರಿ ಇಲ್ಲ, ಬದಲಿಸಲೇಬೇಕು.

ಪಂಚರ್ ಟ್ರೆಡ್‌ನಲ್ಲಿ ಆದರೆ ತೂತಿಗೆ ರಬ್ಬರಿನ ಬತ್ತಿ ಹಾಕಿಸಿ ಮೆಲ್ಲಗೆ ಮನೆಗೆ ಬರಬಹುದು. ಬತ್ತಿ ಹಾಕಿದ ಟಯರ್‌ನಲ್ಲಿ ಟ್ರ್ಯಾಕಿಗೆ ಇಳಿಯಬೇಡಿ. ಸೈಡ್‌ವಾಲ್ ಪಂಚರ್‌ಗೆ ಬತ್ತಿ ಹಾಕುವುದೇ ಬೇಡ.

ನೇರ ರಸ್ತೆಯಲ್ಲಿ ಹ್ಯಾಂಡಲ್ ನಡುಗಿದರೆ ಬ್ಯಾಲೆನ್ಸ್, ಬೇರಿಂಗ್ ನೋಡಿ. ತಿರುವಿನಲ್ಲಿ ಬೈಕು ಒಮ್ಮೆಲೇ ಕುಸಿದಂತೆ ವಾಲಿದರೆ ನಡುಭಾಗ ಚಪ್ಪಟೆಯಾಗಿದೆ. ವಾರಕ್ಕೆ 3 ಪಿಎಸ್‌ಐ ಇಳಿಯುತ್ತಿದ್ದರೆ ಸುಮ್ನೆ ತುಂಬಿಸುತ್ತಾ ಇರಬೇಡಿ, ವಾಲ್ವ್‌ಗೂ ರಿಮ್ ಅಂಚಿಗೂ ಸೋಪು ನೀರು ಬಿಟ್ಟು ಗುಳ್ಳೆ ಎಲ್ಲಿ ಬರುತ್ತದೆ ನೋಡಿ.

ಟ್ರ್ಯಾಕಿನಿಂದ ವಾಪಸ್ ಹೊರಡುವಾಗ ಎಲ್ಲರೂ ಸುಸ್ತಾಗಿರುತ್ತಾರೆ, ಮರೆಯುವುದು ಒಂದೇ ವಿಷಯ. ಗೇಟು ದಾಟುವ ಮೊದಲು, ಟಯರ್ ತಣಿದ ಮೇಲೆ, ಗಾಳಿಯನ್ನು ಮತ್ತೆ ರೋಡಿನ ಲೆಕ್ಕಕ್ಕೆ ತುಂಬಿಸಿ.